ಹಗೇವಿನ ಬಾಯಿ

ರಾತ್ರಿ ಒಂದು ಲೋಟ ಮಜ್ಜಿಗೆ ಬಿಟ್ಟರೆ ನಾನು ಏನನ್ನೂ ಮುಟ್ಟಿರಲಿಲ್ಲ. ಮುಂಜಾನೆ ಬೆಟಗೇರಿಯಿಂದ ಗದಗಿಗೆ ನಡೆದೇ ಹೋಗಿ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟೆ. ಬಂದದ್ದು 168. ಲ್ಯಾಬಿನ ಹುಡುಗ ನಕ್ಕ. "ಕಾಕಾ, ರಾತ್ರಿ ಗೋದಿ ಹುಗ್ಗಿ ಹೊಡದ್ರೇನು?" ಮಾಡದ ತಪ್ಪಿಗೆ ಸಿಕ್ಕಿಬಿದ್ದವನ ಹಾಗೆ ನಾನು ಚೀಟಿ ಮಡಿಚಿ ಕಿಸೆಗೆ ಹಾಕಿಕೊಂಡೆ.

ಡಾಕ್ಟರು ಮಾತ್ರ ನನ್ನ ಮಾತು ನಂಬಿದರು. "ಇದು ನೀವು ತಿಂದ ಸಕ್ಕರಿ ಅಲ್ಲರೀ. ನಿಮ್ಮ ಲಿವರ್ ರಾತ್ರಿಯೆಲ್ಲ ಹಂಚಿದ್ದು."

ಹಂಚಿದ್ದು ಅಂದ ಕೂಡಲೇ ನನಗೆ ನೆನಪಾದದ್ದು ಮುಂಡರಗಿ ಕಡೆಯ ನಮ್ಮೂರ ಮನೆಯ ಹಗೇವು. ಅಂಗಳದಲ್ಲಿ ಆಳೆತ್ತರಕ್ಕಿಂತ ಆಳದ ಗುಂಡಿ. ಒಳಗೆ ಸುತ್ತಲೂ ಹುಲ್ಲು, ಹೊಟ್ಟು, ನಡುವೆ ಜೋಳ. ಬಾಯಿಗೆ ಹಾಸುಗಲ್ಲು, ಅದರ ಮೇಲೆ ಕೆಸರು ಮೆತ್ತು. ತೆರೆದ ದಿನ ಯಾರೂ ತಟ್ಟನೆ ಇಳಿಯುತ್ತಿರಲಿಲ್ಲ. ಮೊದಲು ಕಂದೀಲು ಇಳಿಬಿಡುವುದು. ಅದು ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ಲೆಕ್ಕ. ತುಂಬುವುದಕ್ಕೂ ತೆಗೆಯುವುದಕ್ಕೂ ಅಜ್ಜನ ಅಪ್ಪಣೆ ಬೇಕು. ಅಜ್ಜನಿಗೆ ಲಕ್ವ ಹೊಡೆದು ದನಿ ಕುಗ್ಗಿದ ಮೇಲೆ ಅವನು ಹೊರಸಿನ ಮೇಲಿಂದ "ಬ್ಯಾಡ್ರೋ" ಅನ್ನುತ್ತಲೇ ಇದ್ದ, ಮಕ್ಕಳು ಕಲ್ಲು ಸರಿಸುತ್ತಲೇ ಇದ್ದರು.

ಲಿವರಿನಲ್ಲೂ ಇಂಥದೊಂದು ಹಗೇವು ಇದೆ ಅಂತ ಕಂಡುಕೊಂಡವನು ಫ್ರಾನ್ಸಿನ ಕ್ಲೋದ್ ಬರ್ನಾರ್. 1855ರಲ್ಲಿ ಅವನು ಪ್ರಾಣಿಯೊಂದರ ಲಿವರಿನ ರಕ್ತನಾಳಗಳಲ್ಲಿ 40 ನಿಮಿಷ ನೀರು ಹರಿಸಿ ತೊಳೆದ. ಸಕ್ಕರೆಯ ಸುಳಿವೂ ಉಳಿಯಲಿಲ್ಲ. ಅದನ್ನು ಹಾಗೇ ಇಟ್ಟು ಮರುದಿನ ನೋಡಿದರೆ ಮತ್ತೆ ಸಕ್ಕರೆ! ಸತ್ತ ಲಿವರು ರಾತ್ರಿ ಏನು ಉಂಡೀತು? ಎರಡು ವರ್ಷಕ್ಕೆ ಆ ದಾಸ್ತಾನನ್ನೇ ಬೇರ್ಪಡಿಸಿ ತೆಗೆದ. ಅದೇ ಗ್ಲೈಕೋಜನ್. ಸಕ್ಕರೆಯ ಕಣಗಳು ಕೊಂಬೆ ಕೊಂಬೆಯಾಗಿ ಹೆಣೆದುಕೊಂಡ ಗಿಡ. ದೊಡ್ಡವರ ಲಿವರಿನಲ್ಲಿ ಸುಮಾರು 100 ಗ್ರಾಂ ಇರುತ್ತದಂತೆ.

ಈ ಗಿಡಕ್ಕೆ ಕಣ ಜೋಡಿಸುವ ಆಳು ಗ್ಲೈಕೋಜನ್ ಸಿಂಥೇಸ್, ಕಿತ್ತು ಕೊಡುವ ಆಳು ಫಾಸ್ಫೊರಿಲೇಸ್. ಎರಡೂ ಕಿಣ್ವಗಳೇ. ಕೀಳುವವನ ಪರಿಚಯ ಮಾಡಿಸಿದವರು ಕೋರಿ ದಂಪತಿ, ಕಾರ್ಲ್ ಮತ್ತು ಗರ್ಟಿ. ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ ಅವರಿಗೆ ನೊಬೆಲ್ ಬಂತು. ವೈದ್ಯಕೀಯದಲ್ಲಿ ಆ ಬಹುಮಾನ ಪಡೆದ ಮೊದಲ ಹೆಂಗಸು ಗರ್ಟಿ. ಅಪ್ಪಣೆ ಕೊಡುವ ಅಜ್ಜ ಇನ್ಸುಲಿನ್. ಉಂಡಾಗ "ತುಂಬ್ರಿ, ಕಲ್ಲು ಮುಚ್ರಿ" ಅನ್ನುತ್ತದೆ. ಕೆಲವರಲ್ಲಿ ಅಜ್ಜನೇ ಇಲ್ಲ. ನನ್ನಂಥವರಲ್ಲಿ ಅಜ್ಜ ಇದ್ದಾನೆ, ಕೇಳುವವರಿಲ್ಲ. ಸಿಂಥೇಸ್ ಕೈಕಟ್ಟಿ ಕೂರುತ್ತದೆ, ಫಾಸ್ಫೊರಿಲೇಸ್ ಕಿತ್ತು ಕಿತ್ತು ರಕ್ತಕ್ಕೆ ಸುರಿಯುತ್ತದೆ. ಸಾಲದ್ದಕ್ಕೆ ಲಿವರು ಹೊಸ ಸಕ್ಕರೆಯನ್ನೂ ತಯಾರಿಸುತ್ತದೆ, ಮುಂಜಾನೆಯ ಏರಿಕೆಯಲ್ಲಿ ದೊಡ್ಡ ಪಾಲು ಅದರದೇ. ನಾನು ನುಂಗುವ ಮೆಟ್ಫಾರ್ಮಿನ್ ಗುಳಿಗೆ ಮುಖ್ಯವಾಗಿ ತಡೆಯುವುದು ಈ ತಯಾರಿಕೆಯನ್ನೇ.

ಹೃದಯದ್ದು ಬೇರೆಯೇ ಸಂಸಾರ. ಲಕ್ಷ್ಮೇಶ್ವರದಲ್ಲಿ ನನ್ನ ಸೋದರತ್ತೆಯೊಬ್ಬಳಿದ್ದಳು. ಮನೆಯ ಜೋಳ ಕೂಡಿಟ್ಟು, ದಿನಾ ಅಂಗಡಿಯ ಜೋಳ ತಂದು ರೊಟ್ಟಿ ಬಡಿಯುತ್ತಿದ್ದಳು; ಮೂಟೆಗಳಿಗೆ ನುಸಿ ಹಿಡಿದರೂ ಬಿಚ್ಚಲಿಲ್ಲ. ಇನ್ಸುಲಿನ್ ಇಲ್ಲದ ಇಲಿಗಳಲ್ಲಿ ಲಿವರಿನ ದಾಸ್ತಾನು ಕರಗಿದರೆ, ಹೃದಯದ್ದು ಹೆಚ್ಚುತ್ತದೆ! ಹೃದಯದ ಸ್ನಾಯು ಕೊಬ್ಬನ್ನೇ ಉರಿಸತೊಡಗುತ್ತದೆ, ಆ ಉರಿ ಸಕ್ಕರೆ ಉರಿಯುವ ದಾರಿಗೆ ಅಡ್ಡ ನಿಲ್ಲುತ್ತದೆ. ದಾಸ್ತಾನು ತುಂಬಿದ್ದೂ ಮನೆಯವರ ಬಾಯಿಗಿಲ್ಲ. ಅತ್ತೆಯನ್ನು ಜಿಪುಣಿ ಅಂತ ನಗುತ್ತಿದ್ದ ನನ್ನ ಎದೆಯೊಳಗೂ ಅವಳು ಕೂತಿದ್ದಾಳೋ ಏನೋ.

ಶಿರಹಟ್ಟಿ ಸಂತೆಯಲ್ಲಿ ಬೇರು-ಬಳ್ಳಿ ಮಾರುವ ಮುದುಕಿಯೊಬ್ಬಳು ಕಪ್ಪತಗುಡ್ಡದ್ದು ಅಂತ ಮಧುನಾಶಿನಿಯ ನಾಲ್ಕು ಎಲೆ ಕೊಟ್ಟಳು. "ಅಗೀರಿ, ಆಮ್ಯಾಲೆ ಸಕ್ಕರಿ ಹಾಕ್ಕೊಳ್ರಿ." ಅಗಿದೆ. ಸಕ್ಕರೆ ನಾಲಿಗೆಯ ಮೇಲೆ ಉಸುಕಿನ ಹಾಗೆ ಕರಕರ ಅಂದಿತು, ಸಿಹಿಯೇ ಇಲ್ಲ. ಅರ್ಧ ತಾಸು ಚಹಾ ಕೂಡ ಬಿಸಿನೀರು. 1983ರಲ್ಲಿ ಮದ್ರಾಸಿನ ಸಂಶೋಧಕರು ಸಕ್ಕರೆ ಕಾಯಿಲೆ ಬರಿಸಿದ ಮೊಲಗಳಿಗೆ ಈ ಎಲೆಯ ಪುಡಿ ತಿನ್ನಿಸಿದಾಗ ಫಾಸ್ಫೊರಿಲೇಸ್ ಹತೋಟಿಗೆ ಬಂತು, ಲಿವರಿನಲ್ಲಿ ಗ್ಲೈಕೋಜನ್ ಸೇರಿತು. ಮೊಲಕ್ಕೆ ಒಗ್ಗಿದ್ದು ನನಗೂ ಒಗ್ಗಬೇಕೆಂದಿಲ್ಲ. ಎಲೆ ನೆಚ್ಚಿ ಗುಳಿಗೆ ಬಿಡುವಷ್ಟು ಧೈರ್ಯ ನನ್ನದಲ್ಲ.

ಊರಿನ ಹಗೇವಿನ ಮೇಲೆ ಈಗ ಸಿಮೆಂಟು ಬಿದ್ದಿದೆ, ತಮ್ಮನ ಬೈಕು ನಿಲ್ಲುವುದು ಅದರ ಮೇಲೇ. ಹಿಮ್ಮಡಿಯಿಂದ ಒದ್ದರೆ ಇನ್ನೂ ಟೊಳ್ಳು ದನಿ ಬರುತ್ತದೆ. ಅವ್ವನಿಗೆ ಈ ಕತೆಯೆಲ್ಲ ಹೇಳಿದ್ದೇನೆ. ರಾತ್ರಿ ಊಟ ಬಿಡುವುದನ್ನು ನಿಲ್ಲಿಸಿ, ಎರಡರ ಬದಲು ಒಂದು ರೊಟ್ಟಿ ತಿಂದು, ಭೀಷ್ಮ ಕೆರೆಯ ಸುತ್ತ ನಡೆಯಲು ಶುರು ಮಾಡಿ ಮೂರು ತಿಂಗಳಾಯಿತು. ಮೊನ್ನೆ ಮುಂಜಾನೆ 131 ಬಂತು. ಫೋನು ಮಾಡಿದೆ.

"ಹಂಗಾರ ಕಲ್ಲ ಮುಚ್ಯಾರೇನಪಾ?" ಅಂದಳು.

"ಅರ್ಧಾ ಮುಚ್ಯಾರಬೇ."