ಬುದ್ಧಿ ಅಳೆಯುವ ಪೆಟ್ಟಿಗೆ

ನಮ್ಮ ಜನಕ್ಕೆ ಅಳತೆಯ ಮೇಲೆ ಬಲು ನಂಬಿಕೆ. ಮಗು ಹುಟ್ಟಿದ ಕೂಡಲೇ ತೂಕ ಎಷ್ಟು ಎಂದು ಕೇಳುತ್ತೇವೆ. ಶಾಲೆಗೆ ಹೋದರೆ ಎಷ್ಟನೆಯ ನಂಬರು, ಹತ್ತನೆಯದು ಮುಗಿಸಿದರೆ ಶೇಕಡಾ ಎಷ್ಟು, ಕೆಲಸ ಹತ್ತಿದರೆ ಪಗಾರ ಎಷ್ಟು, ವಯಸ್ಸಾದ ಮೇಲೆ ಸಕ್ಕರೆ ಎಷ್ಟು! ಇಷ್ಟೆಲ್ಲ ಅಂಕಿಗಳ ನಡುವೆ ಬುದ್ಧಿಗೂ ಒಂದು ಅಂಕಿ ಇದ್ದರೆ ಆಶ್ಚರ್ಯವೇನಿಲ್ಲ. ಆ ಅಂಕಿಯನ್ನು ತೆಗೆಯುವ ಕೆಲಸವನ್ನು ನಾನು ಒಂದು ವರ್ಷ ಮಾಡಿದ್ದೇನೆ.

2003ರಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ, ಧಾರವಾಡದ ಹತ್ತಿರದ ಒಂದು ವಿಶೇಷ ಶಾಲೆಗೆ ಇಂಟರ್ನ್ ಎಂದು ಸೇರಿದೆ. ಆಗಷ್ಟೇ ಊರಲ್ಲಿ ಅಲ್ಲೊಂದು ಇಲ್ಲೊಂದು ಸೈಬರ್ ಕೆಫೆ ತೆರೆದಿದ್ದವು. ಶಾಲೆಯ ಸಿಪಾಯಿಗೆ 'ಇಂಟರ್ನ್' ಎಂಬ ಶಬ್ದ ಹೊಸದು. ಆತ ಬಂದವರಿಗೆಲ್ಲ ನನ್ನನ್ನು "ಇಂಟರ್ನೆಟ್ ಅಕ್ಕಾರು" ಎಂದೇ ತೋರಿಸಿಕೊಡುತ್ತಿದ್ದ. ಮಕ್ಕಳಿಗೆ ಅಷ್ಟು ಉದ್ದ ಬೇಕಿರಲಿಲ್ಲ, ಬರೀ "ಅಕ್ಕಾರ" ಸಾಕಿತ್ತು.

ನನ್ನ ಆಸ್ತಿಯೆಂದರೆ ಒಂದು ಕಟ್ಟಿಗೆಯ ಪೆಟ್ಟಿಗೆ. ಅದರೊಳಗೆ ಚಿತ್ರದ ಕಾರ್ಡುಗಳು, ಪ್ರಶ್ನೆಗಳ ಪುಸ್ತಕ, ಸ್ಟಾಪ್‌ವಾಚು. ಜೊತೆಗೆ ಸೆಗ್ವಿನ್ ಎಂಬ ಫ್ರೆಂಚ್ ವೈದ್ಯನ ಹೆಸರಿನ ಹಲಗೆ. ಅದರಲ್ಲಿ ವೃತ್ತ, ಚೌಕ, ನಕ್ಷತ್ರ ಹೀಗೆ ಹತ್ತು ಆಕಾರದ ಗುಂಡಿಗಳಿರುತ್ತವೆ. ಹತ್ತು ಕಟ್ಟಿಗೆಯ ತುಂಡುಗಳನ್ನು ಅವುಗಳಲ್ಲಿ ಕೂರಿಸಬೇಕು. ಮೂರು ಸಲ ಮಾಡಿಸಿ, ಎಲ್ಲಕ್ಕಿಂತ ಕಡಿಮೆ ಹಿಡಿದ ಸಮಯವನ್ನು ಬರೆದುಕೊಳ್ಳುವುದು ಪದ್ಧತಿ. ಒಬ್ಬ ಹುಡುಗ ಮೂರು ಸಲವೂ ಒಂಬತ್ತು ತುಂಡುಗಳನ್ನು ಚಕಚಕನೆ ಕೂರಿಸಿ, ನಕ್ಷತ್ರವನ್ನು ಮಾತ್ರ ಚಡ್ಡಿಯ ಕಿಸೆಗೆ ಸೇರಿಸಿ ಸುಮ್ಮನೆ ಕುಳಿತ. ಗಡಿಯಾರ ಓಡುತ್ತಲೇ ಇತ್ತು. ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ ಸರ್ ಈ ಸಂಗತಿ ಕೇಳಿ ನಕ್ಕು, "ನಕ್ಷತ್ರ ಎಲ್ಲಿದೆ ಅನ್ನೋದು ಅವನಿಗೆ ಗೊತ್ತಿತ್ತು, ಅದನ್ನೂ ಬರೀರಿ" ಎಂದರು. ಸಮಯದ ಕಾಲಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಪುಟ ತಿರುಗಿಸಿ ಹಿಂದೆ ಬರೆದೆ. ನನ್ನ ವರದಿಗಳಿಗೆ ಎರಡನೆಯ ಪುಟ ಹುಟ್ಟಿದ್ದು ಹೀಗೆ.

ಈ ಪರೀಕ್ಷೆಗಳ ಮೂಲ ಕೆಡುಕಿನದಲ್ಲ. ಪ್ಯಾರಿಸ್ಸಿನ ಸಾಮಾನ್ಯ ಶಾಲೆಗಳಲ್ಲಿ ಪಾಠ ಹತ್ತದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿ ಕಲಿಸಬೇಕೆಂಬ ಯೋಚನೆ ಬಂದಾಗ, 1905ರಲ್ಲಿ ಆಲ್ಫ್ರೆಡ್ ಬಿನೆ ತನ್ನ ಸಹಾಯಕ ಸಿಮೋನನ ಜೊತೆ ಮೊದಲ ಮಾಪನವನ್ನು ಸಿದ್ಧಪಡಿಸಿದ. ಬುದ್ಧಿ ಹುಟ್ಟಿನಿಂದಲೇ ಕಲ್ಲಿನಲ್ಲಿ ಕೆತ್ತಿದ್ದು ಎಂಬ ಮಾತನ್ನು ಆತ ಒಪ್ಪಿದವನಲ್ಲ. ತಕ್ಕ ತರಬೇತಿಯಿಂದ ಅದು ಬೆಳೆಯುತ್ತದೆ ಎಂದೇ ನಂಬಿದ್ದ. 1911ರಲ್ಲಿ ಆತ ತೀರಿಕೊಂಡ. ಮರುವರ್ಷ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕ ಹೇಳಿದ. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ ಐಕ್ಯೂ ಎಂದು ಬಳಕೆಗೆ ತಂದ. ಅಲ್ಲಿಂದ ಮುಂದೆ ಅಂಕಿಯದೇ ಕಾರುಬಾರು.

ನಮ್ಮ ಧಾರವಾಡಕ್ಕೂ ಇದರಲ್ಲಿ ಪಾಲಿದೆ. ವಿ.ವಿ. ಕಾಮತರು ಈ ಭಾಗದ ಮಕ್ಕಳನ್ನು ಪರೀಕ್ಷಿಸಿ, ಬಿನೆಯ ಪ್ರಶ್ನೆಗಳನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದರು. ಅವರ ಪುಸ್ತಕ 1940ರಲ್ಲಿ ಅಚ್ಚಾಯಿತು. ಬಿನೆ-ಕಾಮತ್ ಪರೀಕ್ಷೆ ಎಂದು ದೇಶದ ಎಷ್ಟೋ ಕಡೆ ಬಳಸಿದ್ದು ಇದನ್ನೇ. ನನ್ನ ಪೆಟ್ಟಿಗೆಯಲ್ಲಿದ್ದದ್ದೂ ಅದೇ. ನಮ್ಮ ಅಜ್ಜ ಅಜ್ಜಿಯರ ಬಾಲ್ಯದ ಮಟ್ಟಕ್ಕೆ ಹಚ್ಚಿ ಅವರ ಮರಿಮಕ್ಕಳನ್ನು ಅಳೆಯುತ್ತಿದ್ದೇವಲ್ಲ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಒಂದು ದಿನ ಹಾಲು ಮಾರುವ ಮನೆತನದ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಹನ್ನೊಂದು ವರ್ಷ ತುಂಬಿ ಒಂದು ತಿಂಗಳು. ಊರಿನ ಶಾಲೆಯವರು "ಇಕಿಗೆ ತಲಿಗೆ ಹತ್ತೂದುಲ್ಲ, ನಂಬರ ತಗಿಸ್ಕೊಂಡು ಬರ್ರಿ" ಎಂದು ಕಳಿಸಿದ್ದರು. ನಾನು ಪೆಟ್ಟಿಗೆ ತೆರೆಯುವಾಗ ತಾಯಿ ಮೆಲ್ಲಗೆ ಕೇಳಿದಳು:

"ಅಕ್ಕಾರ, ನಂಬರ ಹೆಚ್ಚಿಗಿ ಬಂದ್ರ ಛಲೋನೋ, ಕಡಿಮಿ ಬಂದ್ರ ಛಲೋನೋ? ದೇವರ್ನ ಹೆಂಗಂತ ಬೇಡ್ಕೋಲಿ?"

ಎರಡು ವರ್ಷ ಓದಿದ ಎಂ.ಎ.ಯಲ್ಲಿ ಈ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಆಗಿನ ನಿಯಮದ ಪ್ರಕಾರ ಐಕ್ಯೂ 50ರಿಂದ 69ರ ಒಳಗೆ ಬಂದರೆ ಶೇಕಡಾ 50ರಷ್ಟು ಅಂಗವೈಕಲ್ಯವೆಂದು ಲೆಕ್ಕ. ಸೌಲಭ್ಯಗಳಿಗೆ ಶೇಕಡಾ 40 ಇದ್ದರೆ ಸಾಕು. ಸರ್ಟಿಫಿಕೇಟು, ಮಾಸಾಶನ, ಬಸ್ಸಿನ ಪಾಸು ಎಲ್ಲದಕ್ಕೂ ಅದೇ ಬಾಗಿಲು. ಎಪ್ಪತ್ತು ದಾಟಿದರೆ ಬಾಗಿಲು ಮುಚ್ಚಿತು. ಹೆಚ್ಚು ಬರಲಿ ಎಂದು ತಾಯಿಯ ಕರುಳು, ಕಡಿಮೆ ಬರಲಿ ಎಂದು ಮನೆಯ ಬಡತನ.

ಹುಡುಗಿಗೆ ಅಂಕಿಗಳನ್ನು ಹಿಂದುಮುಂದಾಗಿ ಹೇಳಲು ಬರಲಿಲ್ಲ. ಕೆಲವು ಪ್ರಶ್ನೆಗಳಿಗೆ ನನ್ನ ಮುಖವನ್ನೇ ನೋಡುತ್ತ ಕುಳಿತಳು. ಎಲ್ಲ ಕೂಡಿಸಿದಾಗ ಮಾನಸಿಕ ವಯಸ್ಸು 7 ವರ್ಷ 10 ತಿಂಗಳು. ಭಾಗಿಸಿ ಗುಣಿಸಿದರೆ 71. ಆ ಮಟ್ಟದಲ್ಲಿ ಒಂದೊಂದು ಸರಿಯುತ್ತರಕ್ಕೆ ಎರಡು ತಿಂಗಳು. ಅಂದರೆ ಇನ್ನೊಂದೇ ಒಂದು ಉತ್ತರ ತಪ್ಪಿದ್ದರೆ 69 ಆಗುತ್ತಿತ್ತು!

ಮರುದಿನ ತಂದೆಯೂ ಬಂದ. ವಿಷಯ ತಿಳಿದು, "ಒಂದ್ ಎರಡ ಕಡಿಮಿ ಬರದ್ರ ನಿಮ್ದೇನು ಹೋಗ್ತೈತ್ರಿ?" ಎಂದ. ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಇಂಥ ಯಾವ ಅಳತೆಯಲ್ಲೂ ನಾಲ್ಕಾರು ಅಂಕ ಅತ್ತಿತ್ತ ಆಗುವುದು ಸಹಜ. 69ಕ್ಕೂ 71ಕ್ಕೂ ಮಗುವಿನಲ್ಲಿ ವ್ಯತ್ಯಾಸವಿಲ್ಲ, ಕಾಗದದಲ್ಲಿ ಮಾತ್ರ ಇದೆ. ನಾನು ಸರ್ ಮುಖ ನೋಡಿದೆ. ವರದಿಗೆ ಸಹಿ ಅವರದು. ಅವರು ತಂದೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ಕರುಣಾ ಬಂದು ಇಳಿಸಿದ ನಂಬರನ್ನ ನಾಳೆ ಮತ್ತೊಬ್ಬರು ಕರುಣಾ ಇಲ್ಲದ ಓದ್ತಾರ. ಅದನ್ನ ತೋರ್ಸಿ ನಿಮ್ಮ ಮಗಳನ್ನ ಶಾಲಿಂದ ಹೊರಗ ಇಡ್ತಾರ." ತಂದೆ ಒಪ್ಪಿದನೋ ಇಲ್ಲವೋ, ಸುಮ್ಮನಾದ.

ಆದರೆ ಪೆಟ್ಟಿಗೆ ಮುಚ್ಚಿದ ಮೇಲೂ ಕೆಲಸ ಉಳಿದಿತ್ತು. ಮಗು ದಿನವೂ ಏನೇನು ಮಾಡುತ್ತದೆ ಎಂದು ತಾಯಿಯನ್ನು ಕೇಳುವುದು ನಮ್ಮ ಪದ್ಧತಿ. ಉಣ್ಣುವುದು, ಉಡುವುದು ಎಲ್ಲ ಆದ ಮೇಲೆ, "ಮನಿ ಕೆಲಸಕ್ಕ ಕೈ ಹಚ್ತಾಳೇನು?" ಎಂದೆ. "ಹಾಲ ಹಾಕಿ ಬರ್ತಾಳ್ರಿ" ಎಂದಳು. ಹನ್ನೊಂದು ಮನೆಯ ವರ್ತನೆ ಹಾಲು. ಯಾರಿಗೆ ಅರ್ಧ ಲೀಟರು, ಯಾರಿಗೆ ಒಂದು, ಯಾವ ಮನೆಯವರು ಊರಿಗೆ ಹೋಗಿದ್ದಾರೆ, ಯಾವ ಅಜ್ಜಿಗೆ ಎಮ್ಮೆಯ ಹಾಲು ಆಗುವುದಿಲ್ಲ, ಯಾವುದೂ ತಪ್ಪುವುದಿಲ್ಲ. ನಾಲ್ಕು ಅಂಕಿ ನೆನಪಿಡಲಾರದ ಹುಡುಗಿ ಹನ್ನೊಂದು ಮನೆಗಳನ್ನು ನೆನಪಿಟ್ಟಿದ್ದಳು. ಅಂಕಿಗಳಿಗೆ ಮುಖವಿಲ್ಲ, ಮನೆಗಳಿಗೆ ಇದೆ.

ಅವಳ ಎರಡನೆಯ ಪುಟವನ್ನು ನಾವಿಬ್ಬರೂ ಕೂತು ಬರೆದೆವು. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಲೆಕ್ಕವನ್ನು ಹಾಲಿನ ಮಾಪಿನಿಂದ ಕಲಿಸಿ. ಹಲಗೆಯ ಹತ್ತಿರ ಕೂರಿಸಿ. ಉತ್ತರಕ್ಕೆ ಸ್ವಲ್ಪ ಕಾಯಿರಿ. ಆರು ತಿಂಗಳ ನಂತರ ಏನು ಕಲಿತಳು ಎಂದು ನಮಗೆ ತಿಳಿಸಿ. ಊರಿನ ಮಾಸ್ತರರು ಮೊದಲು ಅಂಕಿಯನ್ನೇ ನೋಡಿದರಂತೆ. ಅದೇನೂ ಸರ್ಟಿಫಿಕೇಟಿನ ಅಂಕಿಯಲ್ಲವಾದ್ದರಿಂದ ಹೊರಹಾಕಲು ಬರಲಿಲ್ಲ, ಅನಿವಾರ್ಯವಾಗಿ ಪುಟ ತಿರುವಿದರು. ಹುಡುಗಿ ಏಳನೆಯ ಇಯತ್ತೆಯವರೆಗೆ ಅದೇ ಶಾಲೆಯಲ್ಲಿ ಓದಿದಳು. ಮಾಸಾಶನ ಬರಲಿಲ್ಲ. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಡಬಾರದು.

ಆಮೇಲೆ ಕಾಲ ಬದಲಾಗಿದೆ. 1995ರ ಕಾಯಿದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯಿದೆಯಲ್ಲಿ ಇಪ್ಪತ್ತೊಂದು ಆಗಿವೆ, ಕಲಿಕೆಯ ತೊಡಕೂ ಆಟಿಸಮ್ಮೂ ಸೇರಿವೆ. ಬೌದ್ಧಿಕ ವೈಕಲ್ಯವೆಂದರೆ ಬುದ್ಧಿಯ ಕೆಲಸದ ಜೊತೆಗೆ ದಿನನಿತ್ಯದ ನಡೆವಳಿಕೆಯನ್ನೂ ನೋಡಬೇಕೆಂದು ಅದು ಹೇಳುತ್ತದೆ. ಹಾಲು ಹಾಕುವ ಜಾಣ್ಮೆಗೆ ಕೊನೆಗೂ ಕಾಯಿದೆಯಲ್ಲಿ ಜಾಗ ಸಿಕ್ಕಿತು ಎಂದು ನನಗೆ ಹಿಗ್ಗಾಯಿತು. ಮರುಗಳಿಗೆ ಹೊಳೆಯಿತು: ಆ ಜಾಣ್ಮೆ ಲೆಕ್ಕಕ್ಕೆ ಬಂದಷ್ಟೂ ಸೌಲಭ್ಯ ದೂರವಾಗುತ್ತದೆ! ಮಗುವಿಗೆ ಏನೂ ಬರುವುದಿಲ್ಲವೆಂದು ಸಾಬೀತಾದರೆ ಮಾತ್ರ ನೆರವು ಎನ್ನುವವರೆಗೆ, ಆ ತಾಯಿಯ ಪ್ರಶ್ನೆ ಇನ್ನೂ ಎಷ್ಟೋ ತಾಯಂದಿರ ಪ್ರಶ್ನೆಯಾಗಿಯೇ ಇರುತ್ತದೆ.

ಈಗ ಹೊಸ ಹುಡುಗ ಹುಡುಗಿಯರು ಇಂಟರ್ನ್ ಆಗಿ ನನ್ನ ಬಳಿ ಬರುತ್ತಾರೆ. ಪರೀಕ್ಷೆ ಮಾಡುವುದನ್ನು ಅವರು ನನಗಿಂತ ಬೇಗ ಕಲಿಯುತ್ತಾರೆ, ಲೆಕ್ಕವನ್ನು ಕಂಪ್ಯೂಟರ್ ಮಾಡಿಕೊಡುತ್ತದೆ. ನಾನು ಹೇಳಿಕೊಡುವುದು ಒಂದೇ: ಸರ್ಕಾರ ಕೇಳುವ ಪ್ರಶ್ನೆಗೆ ಮೊದಲನೆಯ ಪುಟದಲ್ಲಿ ಉತ್ತರ ಬರೆಯಿರಿ, ಒಂದಂಕವೂ ಅತ್ತಿತ್ತ ಮಾಡಬೇಡಿ. ತಾಯಿ ಕೇಳುವ ಪ್ರಶ್ನೆಗೆ ಎರಡನೆಯ ಪುಟವನ್ನು ಖಾಲಿ ಬಿಡಬೇಡಿ.