ಬೀಗದ ಕೈ ಮತ್ತು ಅಯಸ್ಕಾಂತ

ಅಪಸ್ಮಾರ ಬಂದವರ ಅಂಗೈಯಲ್ಲಿ ಕಬ್ಬಿಣ ಹಿಡಿಸಿದರೆ ಸೆಳೆತ ನಿಲ್ಲುತ್ತದೆಂಬ ನಂಬಿಕೆ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ತರಬೇತಿ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ಪಾಠವನ್ನೋದಿ ಅಂಕ ಗಳಿಸಿದ್ದ ನಾವೂ, ಹತ್ತು ವರ್ಷಗಳ ಹಿಂದೆ ಐದನೆಯ ತರಗತಿಯ ಬಾಲಕನೊಬ್ಬನು ಬೆಂಚಿನಿಂದುರುಳಿ ಸೆಟೆದುಕೊಂಡಾಗ, ಶಾಲೆಯ ಬೀಗದ ಕೈಗೊಂಚಲನ್ನು ಅವನ ಮುಷ್ಟಿಗೆ ತುರುಕಿದೆವು. ಸಾಲದೆಂದು ಹಲ್ಲುಗಳ ನಡುವೆ ಚಮಚವನ್ನಿಟ್ಟೆವು, ಹಲ್ಲೊಂದು ಮುರಿಯಿತು. ಎರಡು ನಿಮಿಷಗಳಲ್ಲಿ ಸೆಳೆತ ತಾನಾಗಿಯೇ ನಿಂತಿತು. ಕೀರ್ತಿ ಬೀಗದ ಕೈಗೆ ಸಂದಿತು. ಮಗುವನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಮೆತ್ತನೆಯದೇನನ್ನಾದರೂ ಇಟ್ಟು, ಗಡಿಯಾರ ನೋಡುತ್ತ ಕುಳಿತಿದ್ದರೆ ಸಾಕಿತ್ತು. ಐದು ನಿಮಿಷ ಮೀರಿದರೆ ಆಸ್ಪತ್ರೆ. ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಅಪಸ್ಮಾರಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಔಷಧಗಳಿಂದ ಸೆಳೆತ ಹತೋಟಿಗೆ ಬರುವುದಿಲ್ಲ. ಈ ಬಾಲಕನೂ ಅವರಲ್ಲೊಬ್ಬ. ಅವನು ಏಳನೆಯ ತರಗತಿಯಲ್ಲಿದ್ದಾಗ ತಾಯಿ ವೈದ್ಯರ ಕಾಗದವನ್ನು ಹಿಡಿದು ಶಾಲೆಗೆ ಬಂದರು.

"ಮಾಷ್ಟ್ರೇ, ಕತ್ತಿನ ನರಕ್ಕೆ ಕರೆಂಟು ಕೊಡುವುದಂತೆ. ಅದು ಹೃದಯಕ್ಕೂ ಹೋಗುವ ನರವಂತೆ. ಮಗುವಿನ ಎದೆ ನಿಂತುಬಿಟ್ಟರೆ?"

ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿರಲಿಲ್ಲ. ಮೆದುಳಿನಿಂದಿಳಿದು ಹೃದಯ, ಶ್ವಾಸಕೋಶ, ಜಠರಗಳವರೆಗೆ ಅಲೆಯುವ ಇದಕ್ಕೆ ಲ್ಯಾಟಿನಿನಲ್ಲಿ ವೇಗಸ್, ಎಂದರೆ ಅಲೆಮಾರಿ, ಎಂದೇ ಹೆಸರು. ಇದನ್ನು ವಿದ್ಯುತ್ತಿನಿಂದ ಕೆಣಕಿದರೆ ಹೃದಯ ನಿಧಾನವಾಗಿ ನಿಂತೇಹೋಗಬಹುದೆಂದು ಜರ್ಮನಿಯ ವೆಬರ್ ಸಹೋದರರು 1845ರಲ್ಲಿಯೇ ತೋರಿಸಿದ್ದರು. ಆದುದರಿಂದಲೇ ವೈದ್ಯರು ಎಡಗಡೆಯ ನರವನ್ನು ಆರಿಸುತ್ತಾರೆ. ಬಡಿತಕ್ಕೆ ಲಯ ಹಾಕುವ ಹೃದಯದ ಗಂಟಿನ ಮೇಲೆ ಬಲನರಕ್ಕಿರುವಷ್ಟು ಅಧಿಕಾರ ಎಡನರಕ್ಕಿಲ್ಲ. ಎಡ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ಪುಟ್ಟ ಯಂತ್ರ. ಅದರಿಂದ ಕತ್ತಿನ ನರಕ್ಕೆ ಸುತ್ತಿದ ತಂತಿ. ಸಾಮಾನ್ಯವಾಗಿ 30 ಸೆಕೆಂಡು ಸೂಕ್ಷ್ಮ ವಿದ್ಯುತ್ತು, 5 ನಿಮಿಷ ವಿರಾಮ. ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಹೃದಯದ ಬಡಿತವನ್ನು ಗಮನಿಸುತ್ತ ಪರೀಕ್ಷಿಸಿ, ಬಳಿಕ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ. ಮನುಷ್ಯನಿಗೆ ಮೊದಲು ಅಳವಡಿಸಿದ್ದು 1988ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ಸರಕಾರದ ಒಪ್ಪಿಗೆ ದೊರೆತದ್ದು 1997ರಲ್ಲಿ. ಸೆಳೆತದ ವೇಳೆ ಹಲವರ ಹೃದಯಬಡಿತ ಥಟ್ಟನೆ ಏರುವುದನ್ನು ಕಂಡ ಸಂಶೋಧಕರು, ಆ ಏರಿಕೆಯನ್ನರಿತು ತಾನೇ ವಿದ್ಯುತ್ತು ಹರಿಸುವ ಯಂತ್ರವನ್ನೂ ರೂಪಿಸಿದ್ದಾರೆ. ಭಯಪಡಿಸಿದ ಹೃದಯವೇ ಕಾವಲುಗಾರನಾಯಿತು!

ಇಷ್ಟನ್ನೂ ಓದಿ ತಿಳಿದು ಹೇಳಲು ನಮಗೆ ಒಂದು ವಾರ ಹಿಡಿಯಿತು. ಯಂತ್ರವಿಲ್ಲದಿದ್ದರೆ ಅಪಾಯವಿಲ್ಲವೆಂದಲ್ಲ, ಹತೋಟಿಗೆ ಬಾರದ ಸೆಳೆತದಿಂದ ಹಠಾತ್ ಸಾವು ಅಪರೂಪಕ್ಕಾದರೂ ಉಂಟೆಂಬುದನ್ನೂ ಮುಚ್ಚಿಡಲಿಲ್ಲ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ, ಮರುವಾರ ಒಪ್ಪಿದರು.

ರೋಗ ವಾಸಿಯಾಗಲಿಲ್ಲ, ಮಾತ್ರೆಗಳೂ ನಿಲ್ಲಲಿಲ್ಲ. ತಿಂಗಳಿಗೆ ಎಂಟು ಹತ್ತು ಬಾರಿ ಬರುತ್ತಿದ್ದದ್ದು ವರ್ಷದೊಳಗೆ ಮೂರಕ್ಕಿಳಿಯಿತು. ಯಂತ್ರ ನಡೆಯುವಾಗ ಸ್ವರ ಒಡೆಯುತ್ತಿತ್ತು. ಪದ್ಯ ಓದುತ್ತ ಅವನು ತಡೆದರೆ, ಅರ್ಧ ನಿಮಿಷ ತರಗತಿಯೆಲ್ಲ ಕಾಯುತ್ತಿತ್ತು.

ಸೆಳೆತದ ಸುಳಿವು ಕಂಡರೆ ಯಂತ್ರದ ಮೇಲೆ ಆಡಿಸಲೆಂದು ಕೊಟ್ಟ ಅಯಸ್ಕಾಂತವೊಂದು ನಮ್ಮ ಮೇಜಿನ ಸೆಳೆಖಾನೆಯಲ್ಲಿತ್ತು. ಬೆಳಿಗ್ಗೆ ತೆರೆದರೆ, ಆ ಬೀಗದ ಕೈಗೊಂಚಲು ಹೋಗಿ ಅದಕ್ಕೇ ಅಂಟಿಕೊಂಡಿರುತ್ತಿತ್ತು.