ಮನೆಗೆಲಸಕ್ಕೂ ಕೂಲಿಯೇ?

ಮಕ್ಕಳು ಮಾಡುವ ಮನೆಗೆಲಸಕ್ಕೆ ಹಣ ಕೊಡಬೇಕೇ ಎಂಬ ಪ್ರಶ್ನೆಯಲ್ಲಿ ಎರಡು ಪಾಠಗಳು ಬೆರೆತುಹೋಗಿವೆ: ಒಂದು, ಮನೆಯವರಾಗಿ ಹೊಣೆ ಹೊರುವುದು, ಇನ್ನೊಂದು, ಕೈಗೆ ಬಂದ ಹಣವನ್ನು ಅಳೆದು ತೂಗಿ ಬಳಸುವುದು.

ಹಳೆ ಮೈಸೂರು ಸೀಮೆಯಲ್ಲಿ ಸೊಗಡಿನ ಅವರೆ ಬರುವ ಚಳಿಗಾಲದಲ್ಲಿ, ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ, ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಜಾರುವಂತೆ ಹಿದುಕುವ ಕೆಲಸಕ್ಕೆ ಮಕ್ಕಳೂ ಹಿರಿಯರೊಡನೆ ಕೂರುತ್ತಾರೆ. ಅಲ್ಲಿ ಕೂಲಿಯ ಮಾತೇ ಬರುವುದಿಲ್ಲ, ಏಕೆಂದರೆ ಆ ಬೇಳೆಯ ಸಾರಿನಲ್ಲಿ ಎಲ್ಲರಿಗೂ ಪಾಲಿದೆ.

ಇಷ್ಟಪಟ್ಟು ಮಾಡುವ ಕೆಲಸಕ್ಕೆ ಪ್ರತಿಫಲ ಸೇರಿದರೆ ಏನಾಗಬಹುದು? ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬರೆಯುವ ಆಸಕ್ತಿ ಮೊದಲೇ ಇದ್ದ ಶಿಶುವಿಹಾರದ ಮಕ್ಕಳ ಪೈಕಿ ಬಹುಮಾನದ ಮಾತು ಪಡೆದು ಬರೆದವರು, ಮುಂದೆ ಬಹುಮಾನವಿಲ್ಲದ ಬಿಡುವಿನಲ್ಲಿ ಉಳಿದವರಿಗಿಂತ ಕಡಿಮೆ ಹೊತ್ತು ಬರೆದರು. ಹೊರಗಿನ ಪ್ರತಿಫಲವು ಒಳಗಿನ ಆಸಕ್ತಿಯನ್ನು ಕುಗ್ಗಿಸುವ ಈ ವಿದ್ಯಮಾನವನ್ನು 'ಅತಿಸಮರ್ಥನಾ ಪರಿಣಾಮ' ಎನ್ನಬಹುದು. ಪಾತ್ರೆ ತೊಳೆಯುವುದು ಚಿತ್ರ ಬರೆದಷ್ಟು ಪ್ರಿಯವಾದ ಕೆಲಸವಲ್ಲವಾದ್ದರಿಂದ ಈ ಫಲಿತಾಂಶವನ್ನು ಅದಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಕೂಲಿಗೆ ಒಗ್ಗಿದ ಮಗು 'ಇವತ್ತು ದುಡ್ಡೂ ಬೇಡ, ಕೆಲಸವೂ ಬೇಡ' ಎಂದರೆ ಹೆತ್ತವರ ಬಳಿ ಉತ್ತರವಿರದು.

ಆದುದರಿಂದ ತಟ್ಟೆ ತೊಳೆಯುವುದು, ಹಾಸಿಗೆ ಮಡಿಸುವುದು ಮುಂತಾದ ನಿತ್ಯದ ಕೆಲಸಗಳನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಹಂಚಿ, ಕೈಖರ್ಚಿನ ಹಣವನ್ನು, ಅಂದರೆ ಪಾಕೆಟ್ ಮನಿಯನ್ನು, ಕೆಲಸಕ್ಕೆ ಗಂಟುಹಾಕದೆ ವಾರಕ್ಕೊಮ್ಮೆ ಗೊತ್ತಾದ ಮೊತ್ತವಾಗಿ ಕೊಟ್ಟು, ಅದು ಬೇಗ ಮುಗಿದರೆ ಮುಂದಿನ ವಾರದವರೆಗೆ ಕಾಯಲು ಬಿಡುವುದೇ ಲೇಸು.